ಅಪ್ಪನ ನಂಬರಿಗೆ ಇನ್ನೂ ಮೆಸೇಜ್ ಹಾಕುತ್ತೇನೆ, ನಿಲ್ಲಿಸಬೇಕಾ?

ಅಪ್ಪ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಈಗಲೂ ರಾತ್ರಿ ಮಲಗುವ ಮುಂಚೆ ಅವರ ನಂಬರಿಗೆ ಒಂದು ಮೆಸೇಜ್ ಹಾಕುತ್ತೇನೆ. ಇವತ್ತು ಕೆಲಸದಲ್ಲಿ ಹೀಗಾಯಿತು, ನೀವಿದ್ದಿದ್ದರೆ ಬೈಯುತ್ತಿದ್ದಿರಿ, ಅಂಥದ್ದು. ಮೊನ್ನೆ ಅಣ್ಣ ನೋಡಿಬಿಟ್ಟ. "ಎಷ್ಟು ದಿನ ಹೀಗೆ? ಮರೆತು ಮುಂದೆ ಹೋಗು" ಅಂದ. ನೀವು ಯಾರಾದರೂ ಹೀಗೆ ಏನಾದರೂ ಉಳಿಸಿಕೊಂಡಿದ್ದೀರಾ?

—

ನಿಲ್ಲಿಸಬೇಡಿ. ಆದರೆ ಒಂದು ಎಚ್ಚರಿಕೆ. ಬಳಸದೆ ಬಿಟ್ಟ ನಂಬರನ್ನು ಸ್ವಲ್ಪ ಕಾಲ ಕಳೆದ ಮೇಲೆ ಬೇರೆಯವರಿಗೆ ಕೊಡುತ್ತಾರೆ. ನಾನೂ ಅಮ್ಮನಿಗೆ ಬರೆಯುತ್ತಿದ್ದೆ, ಒಂದು ದಿನ "ಯಾರು ನೀವು?" ಅಂತ ಉತ್ತರ ಬಂತು. ಅಮ್ಮನ ನಂಬರಿನಿಂದ! ಅರ್ಧ ಗಂಟೆ ಸುಮ್ನೆ ಕೂತಿದ್ದೆ. ಪಾಪ, ಆ ಮನುಷ್ಯರದ್ದೇನೂ ತಪ್ಪಿಲ್ಲ. ಈಗ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ನಿಮ್ಮ ಅಪ್ಪನ ಧ್ವನಿ ಇರುವ ರೆಕಾರ್ಡಿಂಗ್ ಇದ್ದರೆ ಇವತ್ತೇ ಎರಡು ಮೂರು ಕಡೆ ಕಾಪಿ ಮಾಡಿ ಇಡಿ, ಫೋನ್ ಕೆಟ್ಟರೆ ಅದೂ ಹೋಗುತ್ತದೆ.

—

"ಮರೆತು ಮುಂದೆ ಹೋಗು" ಅನ್ನುವುದಕ್ಕೆ ಒಂದು ಕಾಲದಲ್ಲಿ ಮನಶ್ಶಾಸ್ತ್ರದ ಬೆಂಬಲವೂ ಇತ್ತು. ಹೋದವರಿಂದ ಮನಸ್ಸನ್ನು ನಿಧಾನವಾಗಿ ಬಿಡಿಸಿಕೊಳ್ಳುವುದೇ ದುಃಖದ ಕೆಲಸ ಅಂತ ಮನೋವಿಶ್ಲೇಷಕ ಫ್ರಾಯ್ಡ್ 1917ರಲ್ಲಿ ಬರೆದಿದ್ದ. ಮೂರು ವರ್ಷಕ್ಕೆ ಅವನ ಮಗಳು ಸೋಫಿ ಜ್ವರದಲ್ಲಿ ತೀರಿಕೊಂಡಳು. ಆಮೇಲೆ ಎಷ್ಟೋ ವರ್ಷ ಕಳೆದರೂ ಅವನ ಗಡಿಯಾರದ ಸರಪಳಿಯಲ್ಲಿ ಒಂದು ಪುಟ್ಟ ಲಾಕೆಟ್ ತೂಗುತ್ತಿತ್ತು, ಅದನ್ನು ತೋರಿಸಿ "ಇಲ್ಲಿದ್ದಾಳೆ" ಅನ್ನುತ್ತಿದ್ದನಂತೆ. ಬಿಡಿಸಿಕೊಳ್ಳಿ ಅಂದವನೇ ಬಿಡಿಸಿಕೊಳ್ಳಲಿಲ್ಲ, ಅಲ್ವಾ? 1996ರ ಹೊತ್ತಿಗೆ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಎಂಬ ಮೂವರು ಸಂಶೋಧಕರು ಇದನ್ನು 'ಮುಂದುವರಿಯುವ ನಂಟು' ಅಂತ ಕರೆದು, ಇದು ಕಾಯಿಲೆಯಲ್ಲ ಅಂದರು.

ಇನ್ನೊಂದು ಮಾತು. ವೇಲ್ಸ್‌ನ ವೈದ್ಯ ಡೆವಿ ರೀಸ್ ಸಂಗಾತಿ ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ವರದಿ ಬರೆದರು. ಹೆಚ್ಚುಕಡಿಮೆ ಅರ್ಧ ಜನರಿಗೆ ಹೋದವರ ಅನುಭವ ಒಂದಲ್ಲ ಒಂದು ರೀತಿಯಲ್ಲಿ ಆಗಿತ್ತು. ಬಹಳ ಜನರಿಗೆ ಅವರು ಹತ್ತಿರವೇ ಇದ್ದಂತೆ ಅನಿಸಿತ್ತು, ಕೆಲವರಿಗೆ ದನಿಯೂ ಕೇಳಿತ್ತು. ಅವರಲ್ಲಿ ಜಾಸ್ತಿ ಜನ ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನನ್ನ ಗಂಡ ಕೆಮ್ಮಿದ್ದು ನನಗೂ ಎರಡು ಸಲ ಕೇಳಿದೆ, ಇಲ್ಲಿ ಬಿಟ್ಟರೆ ನಾನೂ ಯಾರಿಗೂ ಹೇಳಿಲ್ಲ.

—

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಗ ಹೋದ ಮೇಲೆ ಅವನ ಕೋಣೆಯನ್ನು ಮೂರು ವರ್ಷ ಹಾಗೇ ಇಟ್ಟಿದ್ದೆ. ಅವನ ಕುರ್ಚಿಯ ಮೇಲೆ ಚಿಕ್ಕ ಮಗಳು ಕೂತರೂ ರೇಗುತ್ತಿದ್ದೆ. ಒಂದು ದಿನ ಅವಳು "ನಾನೂ ಸತ್ತರೆ ನನ್ನ ಕುರ್ಚಿಯನ್ನೂ ಹೀಗೇ ನೋಡಿಕೊಳ್ತೀಯಾ?" ಅಂತ ಕೇಳಿದಳು. ಕೋಣೆ ಈಗ ಅವಳದು. ಅವನ ಕೈಗಡಿಯಾರ ನನ್ನ ಕೈಯಲ್ಲಿದೆ. ಕಾಲೇಜಿಗೆ ತಡವಾಗಬಾರದು ಅಂತ ಅವನು ಐದು ನಿಮಿಷ ಮುಂದೆ ಇಟ್ಟಿದ್ದ, ನಾನು ಸರಿ ಮಾಡಿಲ್ಲ. ಆ ಮೆಸೇಜ್ ಹಾಕಿದ ಮೇಲೆ ನಿದ್ದೆ ಬರುತ್ತದಾ, ಇಲ್ಲಾ ನಿದ್ದೆ ಹಾರುತ್ತದಾ? ಅದೊಂದನ್ನು ನೋಡಿಕೊಳ್ಳಿ. ತಿಂಗಳುಗಟ್ಟಲೆ ನಿದ್ದೆ, ಊಟ, ಕೆಲಸ ಎಲ್ಲವೂ ಕೆಟ್ಟಿದ್ದರೆ ಒಬ್ಬ ಆಪ್ತ ಸಲಹೆಗಾರರನ್ನು ಕಾಣಿ. ನಾನು ತಡ ಮಾಡಿದೆ.

—

ಎಲ್ಲರ ಅಪ್ಪಂದಿರೂ ಒಳ್ಳೆಯವರಾಗಿರುವುದಿಲ್ಲ. ನಮ್ಮಪ್ಪ ಹೊಡೆಯುತ್ತಿದ್ದ ಮನುಷ್ಯ. ಸತ್ತ ಮೇಲೆ ನಾಲ್ಕು ಪುಟ ಬೈದು ಬರೆದೆ. ಹೋದ ವರ್ಷ ಇನ್ನೊಂದು ಬರೆದೆ, ಅರ್ಧ ಪುಟಕ್ಕೇ ಮುಗಿಯಿತು. ಇದೂ ಒಂಥರಾ ನಂಟೇ ಇರಬೇಕು, ಗೊತ್ತಿಲ್ಲ.

—

ಕೇಳಿದವನು ನಾನೇ. ಎಲ್ಲರದ್ದೂ ಓದಿದೆ. ಮೆಸೇಜ್ ಹಾಕಿದ ಮೇಲೆ ನಿದ್ದೆ ಬರುತ್ತದೆ. ನಂಬರಿನ ವಿಷಯ ಓದಿ ಗಾಬರಿಯಾಗಿ ವಿಚಾರಿಸಿದೆ. ಸಿಮ್ ಇನ್ನೂ ನಡೆಯುತ್ತಿದೆ. ಪ್ರತಿ ತಿಂಗಳು ರೀಚಾರ್ಜ್ ಮಾಡಿಸುತ್ತಿರುವವನು ಅಣ್ಣ. ನಾನು ಗೊತ್ತಾಯಿತು ಅಂತ ಅವನಿಗೆ ಹೇಳಿಲ್ಲ.