ಪದ ಬೇಕು: ಹಳೇ ಜಾವಾ ‘ಮಿಸ್ ಹೊಡೆಯುವುದಕ್ಕೆ’ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ಮೋಟರ್‌ಸೈಕಲ್ಲುಗಳ ದಿನ. ಅವತ್ತು ಹಂಚುವ ರಿಪೇರಿ ಹಾಳೆಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಪ್ರೆಸ್ಸಿಗೆ ಹೋಗಬೇಕು. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ‘ರಫ್ ರನ್ನಿಂಗ್’, ಅಂದರೆ ಎಂಜಿನ್ ಒಂದೇ ಸಮನೆ ಓಡದೆ ಮಿಸ್ ಹೊಡೆಯುವುದು. ‘ಒರಟಾಗಿ ಓಡುವುದು’ ಅಂತ ಬರೆದೆ, ಓದಿ ನನಗೇ ನಗು ಬಂತು. ಎರಡನೆಯದು ‘ಫೋರ್ ಸ್ಟ್ರೋಕಿಂಗ್’. ಟೂ ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಉರಿಯಬೇಕು. ಸುತ್ತು ಬಿಟ್ಟು ಸುತ್ತು ಉರಿದರೆ ಹಾಗೆನ್ನುತ್ತಾರೆ. ಮೂರನೆಯದು ‘ರಿಚ್ ಮಿಕ್ಸ್ಚರ್’, ಗಾಳಿಗೆ ಪೆಟ್ರೋಲ್ ಜಾಸ್ತಿ ಸೇರುವುದು. ದಯವಿಟ್ಟು ಯಾರೂ ‘ಸಮೃದ್ಧ ಮಿಶ್ರಣ’ ಅನ್ನಬೇಡಿ.
– ಸು., ಮೈಸೂರು

ಮೊದಲು ‘ಟೂ ಸ್ಟ್ರೋಕ್’ ಅನ್ನು ಕನ್ನಡ ಮಾಡಿಕೊಳ್ಳಿ, ಮಿಕ್ಕಿದ್ದು ತಾನಾಗಿ ಬರುತ್ತದೆ. ‘ದ್ವಿಘಾತ’ ಬೇಡ. ಘಾತ ಅಂದರೆ ಶಾಲೆ ಓದಿದವರಿಗೆ ಘಾತಾಂಕ ನೆನಪಾಗುತ್ತದೆ. ಇಬ್ಬಗೆ, ಇಮ್ಮಡಿ ಇದ್ದ ಹಾಗೆ ‘ಇಬ್ಬಡಿತ’. ನಾಲ್ಕಕ್ಕೆ ಆದೇಶ ಸಂಧಿಯಾಗಿ ‘ನಾಲ್ವಡಿತ’. ನಿಮ್ಮ ಎರಡನೆಯದು ‘ನಾಲ್ವಡಿತಕ್ಕೆ ಬೀಳುವುದು’. ಪದ ಸಿಕ್ಕಿತಲ್ಲ.
– ವೆಂ., ಧಾರವಾಡ

ಮೈಸೂರಲ್ಲಿ ಹಂಚುವ ಹಾಳೆ ಸ್ವಾಮಿ. ನಾಲ್ವಡಿ ಕೃಷ್ಣರಾಜರ ಬೈಕು ಅಂದುಕೊಳ್ಳುತ್ತಾರೆ ಜನ.
– ನಾ., ತುಮಕೂರು

ಅದು ಮಡಿ ಹೋಗಿ ವಡಿ ಆದದ್ದು. ಇದು ಬಡಿತ ಹೋಗಿ ವಡಿತ ಆದದ್ದು. ಕಡು, ಬೆಳ್ಪು ಸೇರಿ ಕಡುವೆಳ್ಪು ಆಗುವುದಿಲ್ಲವೇ? ವ್ಯಾಕರಣ ಬಿಟ್ಟು ನಗುವುದು ಸುಲಭ.
– ವೆಂ.

ಸಂಧಿ ಸರಿಯಾಗಿದೆ, ಪದವೇ ತಪ್ಪು. ಸ್ಟ್ರೋಕ್ ಅಂದರೆ ಬಡಿತ ಅಲ್ಲ ಸಾರ್. ಪಿಸ್ಟನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ಓಟ. ಹಳೇ 250 ಜಾವಾದ ಬೋರು, ಅಂದರೆ ಸಿಲಿಂಡರಿನ ಒಳ ಅಗಲ, 65 ಮಿ.ಮೀ., ಸ್ಟ್ರೋಕು 75 ಮಿ.ಮೀ. ‘75 ಮಿ.ಮೀ. ಬಡಿತ’ ಅಂತ ಬರೆಯುತ್ತೀರಾ?

ಈಗ ಮೇಡಂ ಕೇಳಿದ್ದಕ್ಕೆ ಬರುತ್ತೇನೆ. ಗ್ಯಾರೇಜಿನಲ್ಲಿ ನಾವು ‘ಮಿಸ್ ಹೊಡಿತಿದೆ’ ಅನ್ನುತ್ತೇವೆ. ಆದರೆ ಹಾಳೆ ತುಂಬಾ ಅದನ್ನೇ ಬರೆದರೆ ಓದಿದವನು ಬೈಕ್ ಕೆಡಿಸಿಕೊಳ್ಳುತ್ತಾನೆ. ಪೆಟ್ರೋಲ್ ಜಾಸ್ತಿಯಾದರೂ ಮಿಸ್ ಹೊಡೆಯುತ್ತದೆ, ಗಾಳಿ ಜಾಸ್ತಿಯಾದರೂ ಹೊಡೆಯುತ್ತದೆ, ಕರೆಂಟ್ ಸರಿಯಿಲ್ಲದಿದ್ದರೂ ಹೊಡೆಯುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ.

ಪೆಟ್ರೋಲ್ ಜಾಸ್ತಿ ಹೋಗುತ್ತಿದ್ದರೆ ಪ್ಲಗ್ ಕರ್ರಗೆ, ಒದ್ದೆಯಾಗಿ ಬರುತ್ತದೆ. ಥ್ರಾಟಲ್ ಸ್ವಲ್ಪ ತಿರುಗಿಸಿದಾಗ ಬಿಟ್ಟು ಬಿಟ್ಟು ಉರಿಯುತ್ತದೆ. ಇದೇ ನಿಮ್ಮ ಫೋರ್ ಸ್ಟ್ರೋಕಿಂಗ್. ‘ಬಿಟ್ಟು ಬಿಟ್ಟು ಉರಿಯುವುದು’ ಅಂತಲೇ ಹಾಕಿ, ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ಇನ್ನೊಂದು ಮಾತು ಸೇರಿಸಿ. ಇಳಿಜಾರಲ್ಲಿ ಥ್ರಾಟಲ್ ಮುಚ್ಚಿದಾಗ ಒಳ್ಳೇ ಎಂಜಿನ್ನೂ ಹೀಗೆ ಮಾಡುತ್ತದೆ. ಸುಟ್ಟ ಹೊಗೆ ಪೂರ್ತಿ ಆಚೆ ಹೋಗಿರುವುದಿಲ್ಲ, ಒಳಗೆ ಬಂದ ಸ್ವಲ್ಪ ಪೆಟ್ರೋಲ್ ಅದರೊಳಗೆ ಹೊತ್ತಿಕೊಳ್ಳುವುದಿಲ್ಲ. ಅದು ರೋಗ ಅಲ್ಲ. ಅದಕ್ಕಾಗಿ ಕಾರ್ಬುರೇಟರ್ ಬಿಚ್ಚಬಾರದು.

ಗಾಳಿ ಎಳೆಯುವುದು ಇದಕ್ಕೆ ಉಲ್ಟಾ, ಅಪಾಯವೂ ಜಾಸ್ತಿ. ಹಳೇ ಗಾಡಿಯಲ್ಲಿ ಕ್ರ್ಯಾಂಕಿನ ಆಯಿಲ್ ಸೀಲ್ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಅಲ್ಲಿಂದ ಕಳ್ಳಗಾಳಿ ನುಗ್ಗುತ್ತದೆ. ಥ್ರಾಟಲ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ಪ್ಲಗ್ ತುದಿ ಬೆಳ್ಳಗಾಗಿರುತ್ತದೆ. ‘ಮಿಸ್ಸಿಂಗ್ ಅಷ್ಟೇ’ ಅಂತ ಓಡಿಸಿದರೆ ಪಿಸ್ಟನ್ ಸೀಜ್. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಗಾಳಿ ಬದಲು ಗಿಯರ್ ಆಯಿಲ್ ಎಳೆದುಕೊಂಡು ಸೈಲೆನ್ಸರಿನಿಂದ ಬಿಳೀ ಹೊಗೆ ಬಿಡುತ್ತದೆ. ಕರೆಂಟಿನದ್ದಾದರೆ ಮೊದಲು ಪಾಯಿಂಟ್ (ಪ್ಲಗ್ಗಿಗೆ ಕಿಡಿ ಬರಲು ಕರೆಂಟ್ ಕಡಿಯುವ ಸ್ವಿಚ್ಚು) ನೋಡಿ, ಗ್ಯಾಪ್ 0.4 ಮಿ.ಮೀ. ಇರಬೇಕು. ಕಂಡೆನ್ಸರ್ ಸತ್ತಿದ್ದರೆ ಪಾಯಿಂಟ್ ಸುಟ್ಟಿರುತ್ತದೆ.

‘ಮಿಶ್ರಣ’ ಅನ್ನುವ ಪದವನ್ನೇ ಕಾರ್ಬುರೇಟರ್ ಹತ್ತಿರ ಬಿಡಬೇಡಿ. ಟೂ ಸ್ಟ್ರೋಕಿನಲ್ಲಿ ಎರಡು ಮಿಶ್ರಣ ಇದೆ. ಒಂದು ಟ್ಯಾಂಕಿನದ್ದು, ಪೆಟ್ರೋಲಿಗೆ ಎಣ್ಣೆ. 1:25 ಅಂದರೆ 5 ಲೀಟರಿಗೆ 200 ಮಿ.ಲೀ. ಇನ್ನೊಂದು ಕಾರ್ಬುರೇಟರಿನದ್ದು, ಗಾಳಿಗೆ ಪೆಟ್ರೋಲ್. ‘ಮಿಶ್ರಣ ಜಾಸ್ತಿ’ ಅಂತ ಬರೆದರೆ ಓದಿದವನು ಎಣ್ಣೆ ಕಮ್ಮಿ ಮಾಡುತ್ತಾನೆ. ಆಮೇಲೆ ಬೋರ್ ಹೊಡೆಸೋಕೆ ನನ್ನ ಹತ್ತಿರವೇ ಬರುತ್ತಾನೆ, ಅದು ಬೇರೆ ವಿಷಯ.
– ಗ., ಮಂಡ್ಯ

ಯಂತ್ರದ ವಿಚಾರ ಒಪ್ಪಿದೆ. ‘ಮಿಸ್ ಹೊಡಿ’ ಕನ್ನಡವೇ? ಅರ್ಧ ಇಂಗ್ಲಿಷ್, ಅರ್ಧ ಸೋಮಾರಿತನ. ‘ಮುಗ್ಗರಿಸು’, ‘ತಡವರಿಸು’ ಇವೆಲ್ಲ ಸತ್ತುಹೋದವೇ?
– ವೆಂ.

ಮುಗ್ಗರಿಸಿದರೆ ಮುಂದಕ್ಕೆ ಬೀಳಬೇಕು, ಎಂಜಿನ್ ಬೀಳುವುದಿಲ್ಲ. ತಡವರಿಸುವುದು ಮಾತಿಗೆ. ಇನ್ನು ‘ಹೊಡಿ’ ಸೋಮಾರಿತನ ಅಲ್ಲ. ಕಿಕ್ ಹೊಡಿ, ಹಾರನ್ ಹೊಡಿ, ಬ್ರೇಕ್ ಹೊಡಿ, ಪೇಂಟ್ ಹೊಡಿ. ಹೊರಗಿನ ಹೆಸರುಪದ ಹಿಡಿದು ಕನ್ನಡದ ಕ್ರಿಯಾಪದ ಮಾಡಲು ನಮ್ಮ ಭಾಷೆ ತಾನೇ ಕಂಡುಕೊಂಡ ದಾರಿ ಅದು. ಮಿಸ್ ಬಂದದ್ದು ಹೊರಗಿನಿಂದ, ಆದರೆ ‘ಮಿಸ್ ಹೊಡಿ’ ಅಂತ ಇಂಗ್ಲಿಷಿನವರು ಎಲ್ಲೂ ಅನ್ನುವುದಿಲ್ಲ. ಅದು ಅಪ್ಪಟ ನಮ್ಮದು.
– ನಾ.

ಇಷ್ಟೆಲ್ಲ ಚರ್ಚೆಯಲ್ಲಿ ಮೂಲ ಮರೆತಿದ್ದೀರಿ. ಜಾವಾ ಎಂಬುದೇ ಸಂಸ್ಕೃತದ ‘ಜವ’, ಅಂದರೆ ವೇಗ. ಅಲ್ಲಿಂದ ಹೊರಟರೆ ವೇಗಭಂಗ, ಜವಭಂಗ ಎಂದು ಸೊಗಸಾಗಿ ಪದ ಕಟ್ಟಬಹುದು.
– ಶ್ರೀ., ಶಿವಮೊಗ್ಗ

ಇಲ್ಲ. 1929ರಲ್ಲಿ ಪ್ರಾಗ್‌ನ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿಭಾಗ ಕೊಂಡುಕೊಂಡರು. ಎರಡು ಹೆಸರಿನ ಮೊದಲ ಅಕ್ಷರಗಳು ಸೇರಿ ಜಾವಾ. ಜವ ಬೇಕೇ ಬೇಕು ಅಂದರೆ ಹಳಗನ್ನಡದಲ್ಲಿ ಜವ ಅಂದರೆ ಯಮನೂ ಹೌದು. ಬ್ರೇಕ್ ನೋಡಿದರೆ ಅದು ಜಾಸ್ತಿ ಹೊಂದುತ್ತದೆ.
– ನಾ.

ಹಾಸ್ಯ ಸಾಕು. ಇವತ್ತು ಮಿಸ್ ಹೊಡಿ ಅಂದವರು ನಾಳೆ ‘ರನ್ ಮಾಡಿ’ ಅನ್ನುತ್ತಾರೆ. ಓಡು ಅನ್ನುವ ಪದ ಇರುವಾಗ! ತಡೆ ಹಾಕುವುದು ಎಲ್ಲಿ?
– ವೆಂ.

ಪದ ಇರುವ ಕಡೆ ಹಾಕಿ, ನಾನೂ ಜೊತೆಗಿರುತ್ತೇನೆ. ಕಳ್ಳಗಾಳಿ ಅಂತ ಗ. ಅವರು ಬರೆದರು, ಎಷ್ಟು ಚೆನ್ನಾಗಿದೆ! ಅದನ್ನು ನೀವ್ಯಾರೂ ಗಮನಿಸಲೇ ಇಲ್ಲ. ಪ್ಲಗ್, ಪಾಯಿಂಟ್, ಕಂಡೆನ್ಸರ್ ಮುಟ್ಟಬೇಡಿ ಅಷ್ಟೇ. ಅಂಗಡಿಗೆ ಹೋಗಿ ‘ಕಿಡಿಬೆಣೆ ಕೊಡಿ’ ಅಂದವನು ಬರಿಗೈಲಿ ಬರುತ್ತಾನೆ. ಅಷ್ಟಕ್ಕೂ ಇದು ಜೆಕ್ ನಕ್ಷೆ ಹಿಡಿದು ಮೈಸೂರಲ್ಲಿ ಕಟ್ಟಿದ ಗಾಡಿ. ಆಮೇಲೆ ಇಟ್ಟ ಯೆಜ್ಡಿ ಹೆಸರು ಇರಾನಿನ ಯಜ್ದ್ ಊರಿನದು. ಇದಕ್ಕೆ ಅಚ್ಚಗನ್ನಡದ ಮಡಿ ಎಲ್ಲಿಂದ ತರುತ್ತೀರಿ?
– ನಾ.

ಮಡಿ ಅಲ್ಲ, ಮರ್ಯಾದೆ.
– ವೆಂ.

ಎಲ್ಲರಿಗೂ ಧನ್ಯವಾದ. ಹಾಳೆ ಪ್ರೆಸ್ಸಿಗೆ ಹೋಯಿತು. ತಲೆಬರಹ ‘ಎಂಜಿನ್ ಮಿಸ್ ಹೊಡೆಯುತ್ತಿದೆಯೇ?’ ಕೆಳಗೆ ಮೂರು ಭಾಗ: ಪೆಟ್ರೋಲ್ ಜಾಸ್ತಿ, ಕಳ್ಳಗಾಳಿ, ಕರೆಂಟ್ ತೊಂದರೆ. ‘ಬಿಟ್ಟು ಬಿಟ್ಟು ಉರಿಯುವುದು’ ಮೊದಲನೆಯದರಲ್ಲಿ ಬಂತು, ಇಳಿಜಾರಿನ ಮಾತೂ ಸೇರಿತು. ಮಿಶ್ರಣ ಅನ್ನುವುದು ಟ್ಯಾಂಕಿನ ಎಣ್ಣೆಗೆ ಮಾತ್ರ. ವೆಂ. ಸಾರ್, ನಿಮಗಾಗಿ ‘ರನ್ನಿಂಗ್’ ಎಲ್ಲಾ ಕಡೆ ‘ಓಟ’ ಮಾಡಿದ್ದೇನೆ. ಸೀಜ್ ಆಗುವುದನ್ನು ‘ಪಿಸ್ಟನ್ ಕಚ್ಚಿಕೊಳ್ಳುವುದು’ ಅಂತ ಬರೆದಿದ್ದೇನೆ. ಅದು ಸರಿಯೇ ಅಂತ ಗ. ಅವರೊಬ್ಬರು ಹೇಳಿದರೆ ಸಾಕು.
– ಸು.

ಸರಿ ಇದೆ ಮೇಡಂ, ನಾವೂ ಹಾಗೇ ಅನ್ನುತ್ತೇವೆ.
– ಗ.