ಅಪ್‌ಡೇಟ್: ಗೋಡೆಯ ಬೂಷ್ಟು, ಮಗಳ ಕೆಮ್ಮು
ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕೇಳಿದ್ದೆ, ಉಡುಪಿಯ ನಮ್ಮ ಮನೆಯ ಬೆಡ್‌ರೂಮ್ ಗೋಡೆಗೆ ಕಪ್ಪು ಬೂಷ್ಟು, ಮಗಳಿಗೆ ರಾತ್ರಿಯೆಲ್ಲ ಕೆಮ್ಮು, ಎರಡಕ್ಕೂ ಸಂಬಂಧ ಇದೆಯಾ ಅಂತ. ಇದೆಯಂತೆ. ಬೂಷ್ಟಿನ ಕಣಗಳು ಗಾಳಿಯಲ್ಲಿ ಸೇರಿ ಅಲರ್ಜಿ, ಆಸ್ತಮಾ ಇರುವವರಿಗೆ ಜಾಸ್ತಿ ತೊಂದರೆ ಕೊಡುತ್ತವೆ ಎಂದರು ಡಾಕ್ಟರ್; ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮನೆಯೊಳಗಿನ ತೇವ, ಬೂಷ್ಟಿನ ಬಗ್ಗೆ ಮಾರ್ಗಸೂಚಿ ತಂದಿದೆ. ಮೊದಲು ಸುಮ್ನೆ ಪೇಂಟ್ ಹೊಡೆಸಿದ್ದೆ. ದಂಡ, ಹದಿನೈದೇ ದಿನಕ್ಕೆ ಮತ್ತೆ ಬಂತು. ನಿಜವಾದ ಕಾರಣ ಟೆರೇಸಿನ ಬಿರುಕು, ಜೊತೆಗೆ ನಾವೇ ರೂಮಿನೊಳಗೆ ಒಣಗಿಸುತ್ತಿದ್ದ ಒದ್ದೆ ಬಟ್ಟೆ (ಈ ಮಳೆಗೆ ಬೇರೆಲ್ಲಿ ಹಾಕುವುದು ಹೇಳಿ!). ಬಿರುಕು ಮುಚ್ಚಿಸಿ, ಕಪಾಟನ್ನು ಗೋಡೆಯಿಂದ ಈಚೆ ಎಳೆದು, ಗಾಳಿಯ ತೇವ ಹೀರುವ ಯಂತ್ರ (ಡಿಹ್ಯೂಮಿಡಿಫೈಯರ್) ಇಟ್ಟೆವು. ತೇವಾಂಶ ಈಗ ಶೇ. 60ಕ್ಕಿಂತ ಕೆಳಗಿದೆ. ಕೆಮ್ಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬೂಷ್ಟು ಹಿಡಿದ ಹತ್ತಿ ಹಾಸಿಗೆ ಬಿಸಾಡಲು ಅತ್ತೆ ಇನ್ನೂ ಒಪ್ಪಿಲ್ಲ.