ಒಂದೇ ವಾರದಲ್ಲಿ ಕಡಲು ಬಿಸಿಯಾಗುವುದು ಹೇಗೆ?

ಭೌತಮೇಷ್ಟ್ರು:
ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ ಎಂದು ಪಾಠ ಮಾಡುವವನು ನಾನು. ಸಮುದ್ರದ ಮೇಲ್ಮೈ ಒಂದೇ ವಾರದಲ್ಲಿ ಒಂದು ಡಿಗ್ರಿಗೂ ಹೆಚ್ಚು ಏರಿದ್ದನ್ನು ಉಪಗ್ರಹ ನಕ್ಷೆಯಲ್ಲಿ ತೋರಿಸಿದ ವಿದ್ಯಾರ್ಥಿನಿ, ‘ಇದು ಹೇಗೆ ಸಾರ್?’ ಎಂದಳು. ಹವಾಮಾನ ಬದಲಾವಣೆ ಎಂದು ಹೇಳಿ ಜಾರಿಕೊಂಡರೆ ಆ ಹುಡುಗಿ ಬಿಡುವವಳಲ್ಲ. ದಶಕಗಳ ಏರಿಕೆಯಿಂದ ವಾರದ ಜಿಗಿತ ಅರ್ಥವಾಗುವುದಿಲ್ಲವಲ್ಲ?

ಉಪ್ಪುನೀರು:
ಮೇಷ್ಟ್ರೇ, ನಿಮ್ಮ ಪಾಠ ಸರಿಯಾಗಿಯೇ ಇದೆ. ಎಷ್ಟು ನೀರು ಕಾಯುತ್ತಿದೆ ಎಂಬುದನ್ನು ನೋಡಿ. ಗಾಳಿ ಜೋರಾಗಿದ್ದಾಗ ಮೇಲಿನ ಹತ್ತಾರು ಮೀಟರ್ ನೀರು ಕಲಕಿ ಒಂದೇ ಪದರವಾಗಿರುತ್ತದೆ. ಗಾಳಿ ಬಿದ್ದರೆ ಪದರ ತೆಳುವಾಗುತ್ತದೆ, ಆವಿಯೊಡನೆ ಹೋಗುವ ಶಾಖವೂ ತಗ್ಗುತ್ತದೆ. ಹಲಗೆಯ ಮೇಲೆ ಲೆಕ್ಕ ಹಾಕಿಸಿ: ಚದರ ಮೀಟರಿಗೆ ನಿವ್ವಳ 100 ವ್ಯಾಟ್ ಶಾಖ ಉಳಿದರೆ, 50 ಮೀಟರ್ ಪದರ ಒಂದು ಡಿಗ್ರಿ ಏರಲು ಸುಮಾರು 24 ದಿನ ಬೇಕು, 10 ಮೀಟರ್ ಪದರಕ್ಕೆ ಐದೇ ದಿನ. (ಕೆಲವು ಕಿರಣಗಳು ಇನ್ನೂ ಆಳಕ್ಕೆ ಇಳಿಯುತ್ತವೆ. ತರಗತಿಯ ಲೆಕ್ಕಕ್ಕೆ ಅದನ್ನು ಬಿಡಬಹುದು.)

ಇನ್ನೊಂದು ಬಗೆಯೂ ಇದೆ, ನನಗೆ ಹೆಚ್ಚು ಕುತೂಹಲದ್ದು ಅದೇ. 2013–14ರ ಚಳಿಗಾಲದಲ್ಲಿ ಈಶಾನ್ಯ ಪೆಸಿಫಿಕ್‌ನಲ್ಲಿ ಹುಟ್ಟಿ ‘ಬ್ಲಾಬ್’ ಎಂದು ಹೆಸರಾದ ಬಿಸಿನೀರಿನ ರಾಶಿ ಬಿಸಿಲಿಗೆ ಕಾದದ್ದಲ್ಲ, ಆರಬೇಕಾದಾಗ ಆರದೆ ಉಳಿದದ್ದು. ವಾಯುಮಂಡಲದ ಅಧಿಕ ಒತ್ತಡದ ಉದ್ದನೆಯ ಪಟ್ಟಿಯೊಂದು (ಏಣು) ಅಲ್ಲೇ ಬೀಡುಬಿಟ್ಟು ಬಿರುಗಾಳಿಗಳನ್ನು ತಡೆಯಿತು. ಕಡಲು ಎಂದಿನಷ್ಟು ಶಾಖ ಕಳೆದುಕೊಳ್ಳಲಿಲ್ಲ. ಆಮೇಲೆ ಅಲಾಸ್ಕಾ ಕೊಲ್ಲಿಯ ಕಾಡ್ ಮೀನಿನ ಸಂತತಿ ಎಷ್ಟು ಕುಸಿಯಿತೆಂದರೆ, 2020ರಲ್ಲಿ ಅಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಅಧೀನದ ಕಡಲಿನಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಬೆಚ್ಚಗಿನ ನೀರಿನಲ್ಲಿ ಮೀನಿಗೆ ಹಸಿವು ಹೆಚ್ಚು, ಆಹಾರವೋ ಕಡಿಮೆ.

ತೆಂಕಣಗಾಳಿ:
ಎಲ್ಲವನ್ನೂ ಗಾಳಿಯ ತಲೆಗೆ ಕಟ್ಟಬೇಡಿ. 2011ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ತೀರ ಕಾದದ್ದಕ್ಕೆ ಮುಖ್ಯ ಕಾರಣ ಆ ತೀರದುದ್ದಕ್ಕೂ ಹರಿಯುವ ಬಿಸಿನೀರಿನ ಲೀವಿನ್ ಪ್ರವಾಹ. ಪೆಸಿಫಿಕ್‌ನ ಸಮಭಾಜಕದ ಬಳಿ ನೀರು ಎಂದಿಗಿಂತ ತಣ್ಣಗಾಗುವ ಲಾ ನಿನಾ ವಿದ್ಯಮಾನದಿಂದ ಅದು ಬಲಗೊಂಡು ಉಷ್ಣವಲಯದ ನೀರನ್ನು ದಕ್ಷಿಣಕ್ಕೆ ಹೊತ್ತು ತಂದಿತು. ಕೆಲ್ಪ್ ಎಂಬ ದೊಡ್ಡ ಕಡಲಕಳೆಯ ಕಾಡು ಸುಮಾರು 100 ಕಿಲೋಮೀಟರಿನಷ್ಟು ಹಿಂದೆ ಸರಿಯಿತು.

ಭೌತಮೇಷ್ಟ್ರು:
ಹಾಗಾದರೆ ದೀರ್ಘಕಾಲದ ಏರಿಕೆಗೆ ಇಲ್ಲಿ ಪಾತ್ರವೇ ಇಲ್ಲವೇ?

ಉಪ್ಪುನೀರು:
ಇದೆ, ಬೇರೆ ಕಡೆ. ಮೂವತ್ತು ವರ್ಷಗಳ ದಾಖಲೆಯಲ್ಲಿ ಆಯಾ ಜಾಗದ, ವರ್ಷದ ಆಯಾ ದಿನದ ಶೇ. 90ರಷ್ಟು ಅಳತೆಗಳನ್ನು ಮೀರಿದ ತಾಪ ಕನಿಷ್ಠ ಐದು ದಿನ ನಿಂತರೆ ಅದನ್ನು ಕಡಲಿನ ಶಾಖದ ಅಲೆ ಎಂದು ಎಣಿಸುತ್ತಾರೆ. ತಳಮಟ್ಟವೇ ಏರಿರುವಾಗ ಸಣ್ಣ ಜಿಗಿತವೂ ಆ ಗೆರೆ ದಾಟುತ್ತದೆ. ಇನ್ನು, ಲೆಕ್ಕಕ್ಕೆ ಬೇಕಾದ ಪದರದ ಆಳ ಹುಡುಕುವಾಗ, ತಾವಾಗಿಯೇ ಮುಳುಗಿ ಎದ್ದು ನೀರಿನ ತಾಪ ಅಳೆಯುವ ಆರ್ಗೋ ತೇಲುಮಾಪಕಗಳನ್ನಷ್ಟೇ ನಂಬಬೇಡಿ. ಒಂದೊಂದೂ ಸುಮಾರು ಹತ್ತು ದಿನಕ್ಕೊಮ್ಮೆ ಮೇಲೆ ಬರುವುದರಿಂದ ನಡುವಿನ ಐದು ದಿನ ತಪ್ಪಿಹೋಗಬಹುದು. ಲಂಗರು ಹಾಕಿದ ತೇಲುಬುರುಡೆಯ ದಿನನಿತ್ಯದ ದತ್ತಾಂಶ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.